ಒಂದೇ ಸಿನಿಮಾ, ಐದು ರೂಪ: ಕ್ಯಾಸೆಟ್ಟು, ವಿಸಿಡಿ, ಡಿವಿಡಿ, ಬ್ಲೂ-ರೇ, ಆನ್‌ಲೈನು. ಯಾವುದನ್ನ ಉಳಿಸ್ಕೊಳ್ಳೋದು?

ಹಳೆರೀಲು:
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಒಂದು ಹಳೇ ಕಪ್ಪು-ಬಿಳುಪು ಸಿನಿಮಾ ಇದೆ. ಹೆಸರು ಹೇಳಲ್ಲ, ಹೇಳಿದ್ರೆ ಆ ಸಿನಿಮಾ ಚೆನ್ನಾಗಿದೆಯೋ ಇಲ್ವೋ ಅನ್ನೋ ಜಗಳವೇ ಇಲ್ಲಿ ನಡೆಯುತ್ತೆ. ಮೊದಲು ಟಿವಿಯಲ್ಲಿ ಬಂದಾಗ ವಿಎಚ್‌ಎಸ್ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡ್ಕೊಂಡೆ. ಆಮೇಲೆ ವಿಸಿಡಿ ಬಂತು, ತಗೊಂಡೆ. ಡಿವಿಡಿ ಬಂತು, ಅದನ್ನೂ ತಗೊಂಡೆ. ಈಗ ಬ್ಲೂ-ರೇ ಬಂದಿದೆ, ಆನ್‌ಲೈನಲ್ಲೂ ಸಿಗ್ತಿದೆ. ಹಳೇದೆಲ್ಲ ಇನ್ನು ಗುಜರಿಗೆ ಅಂತ ಮನೆಯವರು ತೀರ್ಮಾನ ಮಾಡಿ ಆಗಿದೆ.

ಕೊಡೋಕೆ ಮುಂಚೆ ಬ್ಲೂ-ರೇ ಹಾಕಿ ನೋಡಿದೆ. ಚಿತ್ರ ಅದ್ಭುತ, ಸೀರೆಯ ನೇಯ್ಗೆ ಕೂಡ ಕಾಣುತ್ತೆ. ಆದ್ರೆ ಒಂದು ದೃಶ್ಯದಲ್ಲಿ ನಾಯಕಿ ಬಾಗಿಲ ಹತ್ರ ನಿಂತು ಕೆಳಗೆ ನೋಡ್ತಾ ಅಳ್ತಾಳೆ. ಕ್ಯಾಸೆಟ್ಟಿನಲ್ಲಿ ಅವಳ ಪಾದದ ಹತ್ರ ಒಂದು ಕಾಗದ ಬಿದ್ದಿರೋದು ಕಾಣ್ಸುತ್ತೆ. ಬ್ಲೂ-ರೇಯಲ್ಲಿ ಚಿತ್ರ ಮೊಣಕಾಲಿಗೇ ಮುಗಿದುಹೋಗುತ್ತೆ. ಕಾಗದವೇ ಇಲ್ಲ! ಬರೀ ನೆಲ ನೋಡಿ ಯಾಕೆ ಅಳ್ತಾಳೆ ಅಂತ ಹೊಸದಾಗಿ ನೋಡೋರಿಗೆ ಹೇಗೆ ಗೊತ್ತಾಗ್ಬೇಕು? ಜೊತೆಗೆ ಹಾಡುಗಳ ಶ್ರುತಿ ಬೇರೆ ಏನೋ ಇಳಿದ ಹಾಗೆ ಕೇಳ್ಸುತ್ತೆ.

ಹಾಗಾದ್ರೆ ಇವುಗಳಲ್ಲಿ 'ಅಸಲಿ' ಯಾವುದು? ಯಾವುದನ್ನ ಇಟ್ಕೊಳ್ಳಲಿ, ಯಾವುದನ್ನ ಕಂಪ್ಯೂಟರಿಗೆ ಹಾಕಿ ಇಡಲಿ? ವಿಸಿಆರ್ ಇನ್ನೂ ಓಡುತ್ತೆ, ಆದ್ರೆ ಮುಲುಗುತ್ತೆ.

ಒಂದೇಸಾಲು:
ಕ್ಯಾಸೆಟ್ ಕೊಡ್ಬೇಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಬೆಳ್ಳಿತೆರೆ:
ಯಾಕೆ ಕೊಡ್ಬಾರದು? ವಿಎಚ್‌ಎಸ್‌ನಲ್ಲಿ ಇರೋದೇ ಅಡ್ಡಕ್ಕೆ 240 ಗೆರೆಯಷ್ಟು ವಿವರ. ಅದೂ ಟಿವಿಯಿಂದ ಹಿಡಿದಿದ್ದು. ಬ್ಲೂ-ರೇ 1920×1080. ಎಲ್ಲಿಂದೆಲ್ಲಿಗೆ ಹೋಲಿಕೆ ಸ್ವಾಮಿ? ಹಳೇದರ ಮೇಲಿನ ವ್ಯಾಮೋಹಕ್ಕೆ ತಾಂತ್ರಿಕ ಕಾರಣ ಹುಡುಕೋದು ಬೇಡ.

ಹಳೆರೀಲು:
1080 ಗೆರೆಯಲ್ಲಿ ಒಂದರಲ್ಲೂ ಆ ಕಾಗದ ಇಲ್ವಲ್ಲ ಸರ್.

ಅಂಚುಗಾರ:
ಕಾಗದ ಎಲ್ಲಿ ಹೋಯ್ತು ಅಂದ್ರೆ, ಯಾರೋ ಅಗಲ ಪರದೆ ತುಂಬಿಸೋಕೆ ಹೋಗಿ ಕತ್ತರಿಸಿದ್ದಾರೆ. 1953ರ ಸುಮಾರಿಗೆ ಅಗಲ ಪರದೆ ಬರೋವರೆಗೂ ಸಿನಿಮಾಗಳ ಚೌಕಟ್ಟು (ಅಗಲ:ಎತ್ತರ) 1.37:1, ಅಂದ್ರೆ ಹಳೇ ಟಿವಿಯ 4:3ಕ್ಕೆ ತೀರಾ ಹತ್ತಿರ. ಆದ್ದರಿಂದ ಟಿವಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ಚಿತ್ರ ಬರ್ತಿತ್ತು, ನಿಮ್ಮ ಕ್ಯಾಸೆಟ್ಟಿಗೂ ಬಂತು. ಈಗಿನ ಟಿವಿ 16:9. ನ್ಯಾಯವಾಗಿ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬಿಡಬೇಕು. ಪಟ್ಟಿ ಕಂಡ್ರೆ ಗಿರಾಕಿ ಗೊಣಗ್ತಾನೆ ಅಂತ ಮೇಲೂ ಕೆಳಗೂ ಕತ್ತರಿಸ್ತಾರೆ. 4:3 ಚಿತ್ರವನ್ನ 16:9ಕ್ಕೆ ತುಂಬಿಸಿದ್ರೆ ಎತ್ತರದಲ್ಲಿ ಸರಿಯಾಗಿ ಕಾಲು ಭಾಗ ಹೋಗುತ್ತೆ. ತಲೆ ಉಳಿಸಬೇಕು ಅಂತ ಕಾಲನ್ನ ಬಲಿ ಕೊಟ್ಟಿದ್ದಾರೆ ಅಷ್ಟೆ.

ಆದ್ರೆ ಇದನ್ನೇ ಹಿಡ್ಕೊಂಡು ಎಲ್ಲಾ ಕ್ಯಾಸೆಟ್ಟೂ ಶ್ರೇಷ್ಠ ಅನ್ಬೇಡಿ. ಅಗಲ ಪರದೆಗೆ ತೆಗೆದ ಸಿನಿಮಾಗಳಲ್ಲಿ ಕಥೆ ಉಲ್ಟಾ. ಆಗ ಟಿವಿ ಚೌಕ, ಸಿನಿಮಾ ಅಗಲ. ಕ್ಯಾಸೆಟ್ಟಿಗೆ ಹಾಕೋವಾಗ ಎರಡು ಬದಿ ಕತ್ತರಿಸಿ, ಯಾರು ಮಾತಾಡ್ತಾರೋ ಅವರ ಕಡೆಗೆ ಚೌಕಟ್ಟನ್ನ ಎಳೀತಿದ್ರು. ಇಬ್ಬರು ಎದುರುಬದುರು ಕೂತು ಮಾತಾಡೋ ದೃಶ್ಯದಲ್ಲಿ ಇಬ್ಬರ ಮೂಗು ಮಾತ್ರ ಕಾಣ್ಸಿ ನಡುವಿನ ಮೇಜು ನಾಯಕನಾಗಿರೋದನ್ನ ನಾನೇ ನೋಡಿದ್ದೀನಿ. ಅಂಥವಕ್ಕೆ ಡಿವಿಡಿ, ಬ್ಲೂ-ರೇಯೇ ಸರಿ.

ಬೆಳ್ಳಿತೆರೆ:
ಸರಿ, ಈ ಒಂದು ಸಿನಿಮಾದ ಮಟ್ಟಿಗೆ ಒಪ್ಪೋಣ. ಆದ್ರೂ ಹಳೇ ಡಿವಿಡಿ ಇದೆಯಲ್ಲ, ಅದರಲ್ಲೂ ಪೂರ್ತಿ ಚೌಕಟ್ಟು ಇರುತ್ತೆ. ಕ್ಯಾಸೆಟ್ ಯಾಕೆ ಬೇಕು?

ಅಂಚುಗಾರ:
ಇರಬಹುದು. ಹಾಕಿ ನೋಡಿದ್ರೆ ತಾನೇ ಗೊತ್ತಾಗೋದು.

ಶ್ರುತಿಪೆಟ್ಟಿಗೆ:
ಶ್ರುತಿ ವಿಚಾರಕ್ಕೆ ಬರ್ತೀನಿ. ಸಿನಿಮಾ ಓಡೋದು ಸೆಕೆಂಡಿಗೆ 24 ಚೌಕಟ್ಟು, ಅಂದ್ರೆ 24 ಬಿಡಿ ಚಿತ್ರ. ಪಾಲ್, ಅಂದ್ರೆ ನಮ್ಮ ಹಳೇ ಟಿವಿಗಳ ಪದ್ಧತಿ, ಓಡೋದು 25. ಸಿನಿಮಾವನ್ನ ಪಾಲ್‌ಗೆ ಹಾಕೋ ಸುಲಭ ದಾರಿ ಅಂದ್ರೆ ಸ್ವಲ್ಪ ಜೋರಾಗಿ ಓಡಿಸೋದು. 4 ಪ್ರತಿಶತ ವೇಗ ಜಾಸ್ತಿ. ಅಂದ್ರೆ 100 ನಿಮಿಷದ ಸಿನಿಮಾ 96 ನಿಮಿಷಕ್ಕೆ ಮುಗಿಯುತ್ತೆ, ಹಾಡಿನ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಮುಕ್ಕಾಲು ಮನೆಯಷ್ಟು ಮೇಲೇರುತ್ತೆ. ಬ್ಲೂ-ರೇಯಲ್ಲಿ 24ರಲ್ಲೇ ಹಾಕಿರ್ತಾರೆ. ಆದ್ದರಿಂದ ನಿಮ್ಮ ಬ್ಲೂ-ರೇಯ ಶ್ರುತಿ ಇಳಿದಿಲ್ಲ, ನಿಮ್ಮ ಕಿವಿ ಇಷ್ಟು ವರ್ಷ ಏರಿದ ಶ್ರುತಿಗೆ ಒಗ್ಗಿಹೋಗಿತ್ತು. ಚಿತ್ರದಲ್ಲಿ ಕ್ಯಾಸೆಟ್ ಗೆದ್ದಿದೆ, ಧ್ವನಿಯಲ್ಲಿ ಬ್ಲೂ-ರೇ ಗೆದ್ದಿದೆ.

ಇನ್ನೊಂದು: 'ಡಿವಿಡಿಯಲ್ಲಿ ನಾಲ್ಕು ನಿಮಿಷ ಕತ್ತರಿಸಿದ್ದಾರೆ' ಅಂತ ಬೊಬ್ಬೆ ಹಾಕೋರು ಮೊದಲು ಈ ಭಾಗಾಕಾರ ಮಾಡಿ. ಮುಕ್ಕಾಲು ಪಾಲು ದೂರು ಅಲ್ಲೇ ಮುಗಿಯುತ್ತೆ.

ಹಳೆರೀಲು:
ಅಯ್ಯೋ, ಅದೇ ಹಾಡನ್ನ ಅದೇ ಶ್ರುತಿಯಲ್ಲಿ ಇಷ್ಟು ವರ್ಷ ಗುನುಗಿದ್ದೀನಿ. ಈಗ ಸರಿಯಾದ್ದೇ ತಪ್ಪು ಅನ್ಸುತ್ತೆ.

ಶ್ರುತಿಪೆಟ್ಟಿಗೆ:
ಸ್ವಲ್ಪ ದಿನ ಕೇಳಿ, ಗಾಯಕರ ಗಂಟಲು ತೂಕ ಬಂದ ಹಾಗೆ ಅನ್ಸುತ್ತೆ. ಆಮೇಲೆ ಹಳೇದನ್ನ ಕೇಳೋಕಾಗಲ್ಲ.

ಸುರುಳಿ:
ಮೊದಲು ಕ್ಯಾಸೆಟ್ ಕೆಲಸ ಮುಗಿಸಿ, ಯಾಕಂದ್ರೆ ಅಲ್ಲಿ ಟೇಪೂ ಸಾಯ್ತಿದೆ, ಅದನ್ನ ಓದೋ ಯಂತ್ರವೂ ಸಾಯ್ತಿದೆ. ವಿಎಚ್‌ಎಸ್ ಜಪಾನಿನಲ್ಲಿ ಬಂದಿದ್ದು 1976ರಲ್ಲಿ. ಕೊನೆಗೆ ಉಳಿದಿದ್ದ ತಯಾರಕ ಫುನಾಯ್ ಕೂಡ 2016ರ ಜುಲೈನಲ್ಲಿ ವಿಸಿಆರ್ ಮಾಡೋದು ನಿಲ್ಲಿಸ್ತು. ಈಗ ಇರೋದೆಲ್ಲ ಹಳೇ ಯಂತ್ರ. ಬೆಲ್ಟು ಸಡಿಲ ಆಗುತ್ತೆ, ಟೇಪನ್ನ ಎಳೆಯೋ ರಬ್ಬರ್ ಉರುಳೆ ನುಣುಪಾಗಿ ಜಾರೋಕೆ ಶುರುವಾಗುತ್ತೆ, ಟೇಪನ್ನ ಓದೋ ಹೆಡ್ ಸವೆಯುತ್ತೆ. ಮುಲುಗೋ ವಿಸಿಆರ್‌ಗೆ ನಿಮ್ಮ ಮುಖ್ಯ ಕ್ಯಾಸೆಟ್ ಮೊದಲೇ ಕೊಡ್ಬೇಡಿ. ಹೋದ್ರೂ ಪರವಾಗಿಲ್ಲ ಅನ್ನೋ ಕ್ಯಾಸೆಟ್ ಹಾಕಿ ಪೂರ್ತಿ ಓಡಿಸಿ. ಸುಕ್ಕಾಗದೆ ಹೊರಗೆ ಬಂದ್ರೆ ಮಾತ್ರ ಮುಂದಕ್ಕೆ.

ಅದಕ್ಕೂ ಮುಂಚೆ ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಸುತ್ತಿದ ಟೇಪಿನ ಅಂಚು ಕಪ್ಪಗೆ, ಸಮವಾಗಿ ಇರಬೇಕು. ಅಲ್ಲಲ್ಲಿ ಬಿಳಿ ಪುಡಿಯೋ, ಹತ್ತಿಯಂಥ ಚುಕ್ಕೆಯೋ ಕಂಡ್ರೆ ಅದು ಬೂಷ್ಟು. ಅಂಥದನ್ನ ಯಂತ್ರಕ್ಕೆ ತೋರಿಸಲೇಬೇಡಿ. ಬೂಷ್ಟು ಹೆಡ್ಡಿಗೆ ಅಂಟಿ, ಮುಂದೆ ಹಾಕೋ ಪ್ರತಿ ಕ್ಯಾಸೆಟ್ಟಿಗೂ ಹತ್ತುತ್ತೆ. ಬೇರೆ ಕವರಿನಲ್ಲಿ ಎತ್ತಿಟ್ಟು ಶುಚಿ ಮಾಡಿಸಿ.

ಟೇಪು ಚೆನ್ನಾಗಿದ್ರೆ ಒಮ್ಮೆ ಕೊನೆವರೆಗೂ ಮುಂದಕ್ಕೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಒಂದೇ ಬಿಗಿಯಲ್ಲಿ ಕೂತಿದ್ದ ಪದರಗಳು ಬಿಡಿಸ್ಕೊಳ್ಳುತ್ತವೆ. ಆಮೇಲೆ ಒಂದೇ ಓಟದಲ್ಲಿ ಕಂಪ್ಯೂಟರಿಗೆ ಇಳಿಸಿ.

ಗದಗದಗ:
ನಮ್ಮ ವಿಸಿಆರ್ ಹೊಟ್ಟಿವಳಗ ಒಂದು ಕ್ಯಾಸೆಟ್ ಹೋಗಿ ಕುಂತದ, ಹೊರಗ ಬರವಲ್ದು. ಅದನ್ನೂ ಸಂರಕ್ಷಣಾ ಅನ್ನಬೇಕೇನ್ರಿ?

ಸುರುಳಿ:
ಹೊರಗೆಳೀಬೇಡ್ರಿ! ಪ್ಲಗ್ ತೆಗೆದು, ಮೇಲಿನ ಮುಚ್ಚಳ ಬಿಚ್ಚಿ, ಟೇಪು ಎಲ್ಲಿ ಸಿಕ್ಕಿದೆ ನೋಡಿ. ಹೆಡ್ ಡ್ರಮ್ ಅಂದ್ರೆ ಆ ಹೊಳೆಯೋ ಲೋಹದ ಉರುಳೆ. ಅದನ್ನ ಬರಿಗೈಯಲ್ಲಿ ಮುಟ್ಟಬೇಡಿ. ಧೈರ್ಯ ಸಾಲದಿದ್ರೆ ರಿಪೇರಿಯವರಿಗೆ ಕೊಡಿ.

ಗದಗದಗ:
ಧೈರ್ಯ ಅದ, ಸ್ಕ್ರೂ ಡ್ರೈವರ್ ಇಲ್ಲ.

ಕಂತು2:
ವಿಸಿಡಿ ಬಗ್ಗೆ ಯಾರೂ ಮಾತೇ ಆಡ್ತಿಲ್ಲ. ಪಾಪ, ಅದಕ್ಕೆ ಯಾವತ್ತೂ ಮರ್ಯಾದೆ ಇಲ್ಲ. ಹಾಡಿನ ಮಧ್ಯೆ ಎದ್ದು ಎರಡನೇ ಡಿಸ್ಕ್ ಹಾಕ್ತಿದ್ದದ್ದು ನೆನಪಿದೆಯಾ?

ಬೆಳ್ಳಿತೆರೆ:
ಮರ್ಯಾದೆ ಯಾಕೆ ಕೊಡ್ಬೇಕು? 352×288 ಚಿತ್ರ, ಸೆಕೆಂಡಿಗೆ 1.15 ಮೆಗಾಬಿಟ್. ಜನ ಓಡಿದ್ರೆ ಮುಖದ ಬದಲು ಚೌಕದ ಗುಂಪು ಓಡುತ್ತೆ. ಅದನ್ನಂತೂ ಕಣ್ಣುಮುಚ್ಚಿ ಗುಜರಿಗೆ ಹಾಕಿ.

ಅಂಚುಗಾರ:
ಹಾಕ್ಬೇಡಿ. ಎಷ್ಟೋ ಸಿನಿಮಾಗಳು ವಿಸಿಡಿಯಾಗಿ ಬಂದು ಅಲ್ಲೇ ನಿಂತಿವೆ, ಡಿವಿಡಿ ಕಂಡೇ ಇಲ್ಲ. ಚೌಕದ ಗುಂಪೋ ಇನ್ನೊಂದೋ, ಇರೋದು ಅಷ್ಟೇ ಆದ್ರೆ ಅದೇ ನಮಗೆ ಮೂಲ.

ಬಿಟ್‌ಭಟ್ಟ:
ವಿಸಿಡಿ ಇರೋರು ಒಂದು ವಿಷಯ ತಿಳ್ಕೊಳ್ಳಿ. 1993ರಲ್ಲಿ ಅದು ಬಂದಾಗ 74 ನಿಮಿಷದ ವಿಡಿಯೊವನ್ನ ಒಂದು ಸಿಡಿಯಲ್ಲಿ ಹಿಡಿಸಬೇಕಿತ್ತು. ಜಾಗ ಸಾಲದೆ, ಸಾಮಾನ್ಯ ಡೇಟಾ ಸಿಡಿಯಲ್ಲಿರೋ ತಪ್ಪು ತಿದ್ದುವ ಒಂದು ಹೆಚ್ಚುವರಿ ಪದರವನ್ನೇ ವಿಡಿಯೊ ಭಾಗದಲ್ಲಿ ಬಿಟ್ಟುಬಿಟ್ರು. ಹಾಗಾಗಿ ಡೇಟಾ ಸಿಡಿ ತಡ್ಕೊಳ್ಳೋ ಗೀರನ್ನ ವಿಸಿಡಿ ತಡ್ಕೊಳ್ಳಲ್ಲ. ಕಾಪಿ ಮಾಡೋವಾಗ ಅರ್ಧದಲ್ಲಿ ನಿಲ್ಲೋದು ಇದಕ್ಕೇ. ಬೇರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಓದದ ಜಾಗ ಇನ್ನೊಂದು ಓದುತ್ತೆ. ಲ್ಯಾಪ್‌ಟಾಪಿನ ತೆಳು ಡ್ರೈವಿಗಿಂತ ಹಳೇ ಕಂಪ್ಯೂಟರಿನ ದಪ್ಪ ಡ್ರೈವು ಎಷ್ಟೋ ಸಲ ಗೆಲ್ಲುತ್ತೆ. ಮತ್ತೆ, ಒಳಗಿನ .ಡ್ಯಾಟ್ ವಿಡಿಯೊ ಫೈಲನ್ನ ಹೊಸ ಎನ್‌ಕೋಡಿಂಗಿಗೆ, ಅಂದ್ರೆ ಮತ್ತೆ ಹಿಂಡೋಕೆ, ಹಾಕ್ಬೇಡಿ, ಇಡೀ ಡಿಸ್ಕಿನ ಇಮೇಜ್ (ಇದ್ದದ್ದು ಇದ್ದ ಹಾಗೇ ನಕಲಾದ ಒಂದು ಫೈಲು) ತೆಗೆದಿಡಿ. ಮೊದಲೇ ಹಿಂಡಿದ್ದನ್ನ ಮತ್ತೆ ಹಿಂಡಿದ್ರೆ ಉಳಿಯೋದು ಸಿಪ್ಪೆ.

ಕಂತು2:
ಭಟ್ರೇ, ಡಿವಿಡಿಗೂ ಇದೇ ಮಾತಾ?

ಬಿಟ್‌ಭಟ್ಟ:
ಹೌದು, ಮತ್ತೆ ಎನ್‌ಕೋಡ್ ಬೇಡ, ಅದರಲ್ಲಿ ಎಂಪೆಗ್-2 ರೂಪದಲ್ಲಿ ಹಿಂಡಿಟ್ಟಿರೋ ವಿಡಿಯೊವನ್ನ ಹಾಗೇ ಇಮೇಜ್ ಮಾಡಿ. ಅಂಗಡಿಯಲ್ಲಿ ಕೊಂಡ, ಅಚ್ಚೊತ್ತಿದ ಡಿವಿಡಿಗೆ ಅಂಥ ಅವಸರ ಇಲ್ಲ. ಮನೆಯಲ್ಲಿ ಬರ್ನ್ ಮಾಡಿದ್ದಕ್ಕೆ ಇದೆ. ಅಚ್ಚೊತ್ತಿದ್ದರಲ್ಲಿ ಗುಳಿಗಳು ಪ್ಲಾಸ್ಟಿಕ್ಕಿನಲ್ಲೇ ಮೂಡಿರ್ತವೆ. ಬರ್ನ್ ಮಾಡಿದ್ದರಲ್ಲಿ ಇರೋದು ಬಣ್ಣದ ಒಂದು ಪದರ, ಲೇಸರ್ ಅದನ್ನ ಸುಟ್ಟು ಗುರುತು ಮಾಡಿರುತ್ತೆ. ಬೆಳಕು, ಸೆಕೆ, ತೇವಕ್ಕೆ ಆ ಬಣ್ಣ ಕೆಡುತ್ತೆ.

ನಾಕನೇತೆರೆ:
ನಮ್ಮ ಭಾವ ಕ್ಯಾಸೆಟ್ಟನ್ನೆಲ್ಲ ಡಿವಿಡಿಗೆ ಬರ್ನ್ ಮಾಡಿಸಿ, ಮೇಲೆ ಚಂದದ ಕಾಗದದ ಸ್ಟಿಕ್ಕರ್ ಅಂಟಿಸಿ, ಕ್ಯಾಸೆಟ್ ಎಲ್ಲ ಹೊರಗೆ ಹಾಕಿಬಿಟ್ರು. ಈಗ ಪ್ರತಿ ಸಿನಿಮಾನೂ ಕ್ಲೈಮ್ಯಾಕ್ಸಿಗೆ ಬಂದಾಗಲೇ ನಿಂತುಹೋಗುತ್ತೆ ಮಾರಾಯ್ರೇ. ಖಳನಾಯಕ ಕೈ ಎತ್ತಿದ, ನಿಂತ. ಮನೆಯಲ್ಲಿ ಯಾರಿಗೂ ಕೊನೆ ಗೊತ್ತಿಲ್ಲ.

ಬಿಟ್‌ಭಟ್ಟ:
ಅದಕ್ಕೂ ಕಾರಣ ಇದೆ. ಡಿಸ್ಕ್ ಬರೆಯೋದು ಒಳಗಿನಿಂದ ಹೊರಕ್ಕೆ. ಒಂದೇ ಪದರದ ಡಿಸ್ಕಿನಲ್ಲಿ ಸಿನಿಮಾದ ಕೊನೆ ಇರೋದು ಹೊರ ಅಂಚಿಗೆ. ಕೆಡೋದು ಹೆಚ್ಚಾಗಿ ಶುರುವಾಗೋದೂ ಅಲ್ಲಿಂದಲೇ. ಬೆರಳು ತಾಗೋದೂ ಅಲ್ಲೇ. ಮೇಲೆ ಕಾಗದದ ಸ್ಟಿಕ್ಕರ್ ಇದ್ರೆ ತಿರುಗೋವಾಗ ಒಂದು ಕಡೆ ಭಾರ ಜಾಸ್ತಿಯಾಗಿ ಅಂಚು ನಡುಗುತ್ತೆ. ಆದ್ರೆ ಈಗ ಸ್ಟಿಕ್ಕರ್ ಕೀಳೋಕೆ ಹೋಗ್ಬೇಡಿ, ಡಿವಿಡಿ ಹಾಳಾಗುತ್ತೆ, ಸಿಡಿಯಾದ್ರೆ ಪ್ರತಿಫಲಿಸೋ ಪದರವೇ ಕಿತ್ತು ಬರುತ್ತೆ. ತೀರಾ ನಿಧಾನ ವೇಗದಲ್ಲಿ ಓದಿಸಿ ನೋಡಿ.

ನಾಕನೇತೆರೆ:
ಭಾವನಿಗೆ ಕಳಿಸ್ತೀನಿ. ಖಳನಾಯಕನ ಕೈ ಕೆಳಗಿಳಿದ್ರೆ ನಿಮಗೆ ತಿಳಿಸ್ತೀನಿ.

ಮೋಡಪ್ರಿಯ:
ಇಷ್ಟೆಲ್ಲ ಸರ್ಕಸ್ ಯಾಕೆ ಅಂತ ನಿಜವಾಗ್ಲೂ ಅರ್ಥ ಆಗ್ತಿಲ್ಲ. ಎಲ್ಲಾ ಆನ್‌ಲೈನಲ್ಲಿ ಇದೆ. ಬೇಕಾದಾಗ ಹುಡುಕಿ, ನೋಡಿ, ಮುಗೀತು. ಮನೆಯಲ್ಲಿ ಧೂಳು ಹಿಡಿಸ್ಕೊಂಡು ಕೂರೋದಕ್ಕೆ ಸಂರಕ್ಷಣೆ ಅಂತ ದೊಡ್ಡ ಹೆಸರು ಬೇರೆ.

ಒಂದೇಸಾಲು:
ಇವತ್ತು ಇದೆ.

ಅಂಚುಗಾರ:
ಮೋಡಪ್ರಿಯ ಅವರೇ, ಕೊಂಡ ಸಿನಿಮಾಗಳನ್ನ ಎಲ್ಲಿಂದ ಬೇಕಾದ್ರೂ ನೋಡಬಹುದು ಅಂತ ದೊಡ್ಡ ದೊಡ್ಡ ಸ್ಟುಡಿಯೋಗಳೇ ಸೇರಿ ಅಲ್ಟ್ರಾವಯಲೆಟ್ ಅನ್ನೋ ಡಿಜಿಟಲ್ ಲಾಕರ್ ಮಾಡಿದ್ರು. 2019ರ ಜುಲೈ 31ಕ್ಕೆ ಬಾಗಿಲು ಹಾಕಿದ್ರು. ಬೇರೆ ಅಂಗಡಿಗೆ ಖಾತೆ ಜೋಡಿಸಿದ್ದೋರ ಸಿನಿಮಾ ಬಹುಪಾಲು ಅಲ್ಲಿ ಉಳೀತು. ಜೋಡಿಸದೆ ಇದ್ದೋರು ಕೈತೊಳೆದುಕೊಂಡ್ರು. ನೀವು 'ಕೊಳ್ಳಿ' ಅನ್ನೋ ಗುಂಡಿ ಒತ್ತಿದಾಗ ಸಿಗೋದು ನೋಡೋ ಅನುಮತಿ, ಸಿನಿಮಾ ಅಲ್ಲ.

ಇದಕ್ಕಿಂತ ನನಗೆ ಹೆದರಿಕೆ ಆಗೋದು ಸದ್ದಿಲ್ಲದ ಬದಲಾವಣೆ. ಇವತ್ತು ನೋಡಿದ ಆವೃತ್ತಿ ನಾಳೆ ಅದೇ ಹೆಸರಲ್ಲಿ, ಅದೇ ಪೋಸ್ಟರಿನಲ್ಲಿ ಬೇರೆಯದಾಗಿರಬಹುದು. ಹಕ್ಕಿನ ತಕರಾರಿಗೆ ಸಂಗೀತ ಬದಲಾಗುತ್ತೆ, ಚೌಕಟ್ಟು ಕತ್ತರಿಸ್ತಾರೆ. ಹೋಲಿಸಿ ನೋಡೋಕೆ ನಿಮ್ಮ ಹತ್ರ ಹಳೇದು ಇಲ್ಲದಿದ್ರೆ ಬದಲಾಗಿದೆ ಅಂತಲೇ ತಿಳಿಯಲ್ಲ.

ಮೋಡಪ್ರಿಯ:
ಲಕ್ಷಕ್ಕೊಬ್ಬರು ಹೋಲಿಸ್ತಾರೆ. ಉಳಿದವರಿಗೆ ಕಥೆ ಗೊತ್ತಾದ್ರೆ ಸಾಕು.

ಹಳೆರೀಲು:
ಕಥೆಯೇ ಆ ಕಾಗದದಲ್ಲಿ ಇರೋದು ಸರ್!!

ತಟ್ಟೆದೊರೆ:
ಲೇಸರ್ ಡಿಸ್ಕ್ ಅಂತ ಒಂದಿತ್ತು, ಯಾರಾದ್ರೂ ನೋಡಿದ್ದೀರಾ? 1978ರಲ್ಲಿ ಬಂತು. 30 ಸೆಂಟಿಮೀಟರ್ ಅಗಲದ ಹೊಳೆಯೋ ತಟ್ಟೆ. ನೋಡೋಕೆ ದೊಡ್ಡ ಸಿಡಿ, ಆದ್ರೆ ಚಿತ್ರ ಅನಲಾಗ್. ಒಂದು ಮಗ್ಗುಲಿಗೆ ಹೆಚ್ಚೆಂದ್ರೆ ಒಂದು ಗಂಟೆ. ಆಮೇಲೆ ಎದ್ದು ಮಗುಚಬೇಕು.

ಅಂಚುಗಾರರ ಮಾತಿಗೆ ಇದರಿಂದ ಒಳ್ಳೇ ಉದಾಹರಣೆ ಸಿಗುತ್ತೆ. ಸ್ಟಾರ್ ವಾರ್ಸ್ ಮೊದಲ ಮೂರು ಸಿನಿಮಾಗಳನ್ನ 1997ರಲ್ಲಿ ತಿದ್ದಿ ಮತ್ತೆ ಬಿಡುಗಡೆ ಮಾಡಿದ್ರು. ಅಲ್ಲಿಂದ ಮುಂದೆ ಬಂದಿದ್ದೆಲ್ಲ ತಿದ್ದಿದ್ದೇ. ತಿದ್ದದ ಮೂಲ ಬೇಕು ಅಂತ ಜನ ಹಟ ಹಿಡಿದ ಮೇಲೆ 2006ರಲ್ಲಿ ಡಿವಿಡಿಯಲ್ಲಿ ಹೆಚ್ಚುವರಿಯಾಗಿ ಕೊಟ್ರು. ಎಲ್ಲಿಂದ ತೆಗೆದು ಕೊಟ್ರು? 1993ರ ಲೇಸರ್ ಡಿಸ್ಕಿಗೆ ಮಾಡಿಟ್ಟಿದ್ದ ಮಾಸ್ಟರ್, ಅಂದ್ರೆ ಮೂಲ ಪ್ರತಿಯಿಂದ! ಅಷ್ಟು ದುಡ್ಡಿರೋ ಸಂಸ್ಥೆಯೇ ಹಳೇ ಫಾರ್ಮ್ಯಾಟಿನ ಬಾಗಿಲಿಗೆ ಹೋಗಬೇಕಾಯ್ತು.

ಬೆಳ್ಳಿತೆರೆ:
ಲೇಸರ್ ಡಿಸ್ಕ್ ಕೊಳೆಯುತ್ತೆ ಅಂತಾರಲ್ಲ?

ತಟ್ಟೆದೊರೆ:
ಎಲ್ಲವೂ ಅಲ್ಲ. ಎರಡು ತಟ್ಟೆ ಅಂಟಿಸಿ ಒಂದು ಡಿಸ್ಕ್ ಮಾಡ್ತಿದ್ರು. ಅಂಟು ಸರಿಯಿಲ್ಲದ ಕಡೆ ಒಳಗಿನ ಅಲ್ಯೂಮಿನಿಯಂ ಪದರಕ್ಕೆ ಗಾಳಿ ತಾಗಿ ಕೆಡುತ್ತೆ. ಪರದೆ ಮೇಲೆ ಬಣ್ಣದ ಚುಕ್ಕೆಗಳು ಮಿಣುಕೋಕೆ ಶುರು. ಬಂದ ಮೇಲೆ ಔಷಧಿ ಇಲ್ಲ.

ಹಳೆರೀಲು:
ಸರಿ, ಕ್ಯಾಸೆಟ್ ಇಳಿಸೋದು ಅಂತ ತೀರ್ಮಾನ ಮಾಡಿದೆ. ವಿಸಿಆರ್ ಚಿತ್ರವನ್ನ ಕಂಪ್ಯೂಟರಿಗೆ ಹಿಡಿಯೋ ಸಣ್ಣ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ ಸಾಕಾ?

ಸುರುಳಿ:
ಸಾಕಾಗಲ್ಲ.

ಜುಗಾಡಿ:
ಸಾಕು! ನಾನು ಅದರಲ್ಲೇ ಮನೆಯದೆಲ್ಲ ಇಳಿಸಿದೆ. ಪರಿಪೂರ್ಣ ಯಂತ್ರ ಸಿಗಲಿ ಅಂತ ಕಾಯ್ತಾ ಕೂತೋರ ಕ್ಯಾಸೆಟ್ ಬೂಷ್ಟು ಹಿಡೀತು.

ಸುರುಳಿ:
ಜುಗಾಡಿ ಹೇಳೋದರಲ್ಲಿ ಅರ್ಧ ನಿಜ. ಏನೂ ಮಾಡದೆ ಇರೋದಕ್ಕಿಂತ ಕಡ್ಡಿ ವಾಸಿ. ಆದ್ರೆ ಒಂದೇ ಸಲ ಓಡೋ ಆಯಸ್ಸು ಉಳಿದಿರೋ ಟೇಪಿಗೆ ಕಡ್ಡಿ ಹಾಕ್ಬೇಡಿ. ತೊಂದರೆ ಎಲ್ಲಿ ಅಂದ್ರೆ, ಹಳೇ ಟೇಪಿನ ಸಿಗ್ನಲ್ ಒಂದೇ ಸಮ ಬರಲ್ಲ. ಒಂದು ಗೆರೆ ಬೇಗ, ಒಂದು ಗೆರೆ ತಡ. ಹಳೇ ಟಿವಿ ಅದನ್ನ ಸಹಿಸ್ಕೊಳ್ತಿತ್ತು. ಕಡ್ಡಿಗೆ ಆಗಲ್ಲ, ಚೌಕಟ್ಟುಗಳನ್ನೇ ಕೈಬಿಡುತ್ತೆ. ಅರ್ಧ ಗಂಟೆ ಆದ ಮೇಲೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಇದನ್ನ ಸರಿಮಾಡೋಕೆ ಟೈಮ್ ಬೇಸ್ ಕರೆಕ್ಟರ್, ಅಂದ್ರೆ ಟಿಬಿಸಿ ಅಂತ ಇರುತ್ತೆ. ದುಬಾರಿ. ಕೆಲವು ಎಸ್-ವಿಎಚ್‌ಎಸ್ (ವಿಎಚ್‌ಎಸ್‌ನ ಸುಧಾರಿತ ರೂಪ) ಯಂತ್ರಗಳ ಒಳಗೇ ಇರುತ್ತೆ. ಕೆಲವು ಹಳೇ ಡಿವಿಡಿ ರೆಕಾರ್ಡರ್‌ಗಳ ಮೂಲಕ ಸಿಗ್ನಲ್ ಹಾಯಿಸಿದ್ರೂ ಗೆರೆಗಳು ನೆಟ್ಟಗಾಗುತ್ತವೆ. ರೆಕಾರ್ಡ್ ಮಾಡೋದು ಬೇಡ, ಬರೀ ಒಳಗೆ ಹೋಗಿ ಹೊರಗೆ ಬರಲಿ.

ಬೆಸುಗೆ_ಕಡ್ಡಿ:
ಇನ್ನೊಂದು ದಾರಿ: ವಿಎಚ್‌ಎಸ್-ಡಿಕೋಡ್. ವಿಸಿಆರ್ ಬಿಚ್ಚಿ, ಹೆಡ್ಡಿನಿಂದ ಬರೋ ಕಚ್ಚಾ ಸಿಗ್ನಲನ್ನೇ ಹಿಡಿದು, ಚಿತ್ರ ಮಾಡೋ ಕೆಲಸವನ್ನ ಪೂರ್ತಿ ಸಾಫ್ಟ್‌ವೇರಿಗೆ ಬಿಡೋದು. ಮುಂದೆ ಸಾಫ್ಟ್‌ವೇರ್ ಸುಧಾರಿಸಿದ್ರೆ ಟೇಪು ಮತ್ತೆ ಓಡಿಸದೆ ಅದೇ ಫೈಲಿನಿಂದ ಹೊಸ ಚಿತ್ರ ತೆಗೀಬಹುದು.

ಗದಗದಗ:
ನನಗ ಇನ್ನೂ ಸ್ಕ್ರೂ ಡ್ರೈವರ್ ಸಿಕ್ಕಿಲ್ಲ, ನೀವು ಬೆಸುಗಿ ತನಕ ಹೋದ್ರಿ.

ಬಿಟ್‌ಭಟ್ಟ:
ಯಾವುದರಲ್ಲಿ ಹಿಡಿದ್ರೂ ಇಡೋ ಫೈಲು ಲಾಸ್‌ಲೆಸ್, ಅಂದ್ರೆ ಏನೂ ಕಳ್ಕೊಳ್ಳದ್ದು, ಇರಲಿ. ಎಫ್‌ಎಫ್‌ವಿ1 ಒಳ್ಳೇದು, ಮುಕ್ತ ಫಾರ್ಮ್ಯಾಟು, ಆರ್ಕೈವ್‌ಗಳೂ ಬಳಸ್ತವೆ. ಗಂಟೆಗೆ 30 ಜಿಬಿ ಆಸುಪಾಸು ಹಿಡಿಯುತ್ತೆ. ಅಷ್ಟು ಜಾಗ ಇಲ್ಲ ಅನ್ನೋರಿಗೆ ಡಿವಿ ಫಾರ್ಮ್ಯಾಟ್, ಗಂಟೆಗೆ 13 ಜಿಬಿ. ಮತ್ತೆ ದಯವಿಟ್ಟು ಡಿಇಂಟರ್‌ಲೇಸ್, ಅಂದ್ರೆ ಎರಡು ಅರ್ಧಗಳನ್ನ ಬೆಸೆದು ಒಂದು, ಮಾಡಿ ಇಡ್ಬೇಡಿ. ಟೇಪಿನಲ್ಲಿ ಪ್ರತಿ ಚೌಕಟ್ಟೂ ಎರಡು ಅರ್ಧಗಳಾಗಿ ಇರುತ್ತೆ, ಹಾಗೇ ಇಡಿ. ನೋಡೋಕೆ, ಮನೆಯವರಿಗೆ ತೋರಿಸೋಕೆ ಬೇರೆ ಸಣ್ಣ ಕಾಪಿ ಮಾಡ್ಕೊಳ್ಳಿ.

ಜುಗಾಡಿ:
ವಿಎಚ್‌ಎಸ್‌ಗೆ ಲಾಸ್‌ಲೆಸ್ಸಾ? ಕಳ್ಕೊಳ್ಳೋಕೆ ಅದರಲ್ಲಿ ಏನಿದೆ ಅಂತ?

ಬಿಟ್‌ಭಟ್ಟ:
ಹಿಂಡೋ ಸಾಫ್ಟ್‌ವೇರ್ ಟೇಪಿನ ಗುಳುಗುಳು ಚುಕ್ಕೆಯನ್ನ ವಿವರ ಅಂದ್ಕೊಂಡು ಅದಕ್ಕೇ ಬಿಟ್ ಸುರಿಯುತ್ತೆ, ಮುಖ ಕಲಸುತ್ತೆ. ಗಲೀಜು ಚಿತ್ರವನ್ನ ಹಿಂಡೋದೇ ಹೆಚ್ಚು ಕಷ್ಟ. ಅದಕ್ಕೇ ಹೇಳಿದ್ದು.

ಹೊಸಗಣ್ಣು:
ನಾನೊಂದು ಹಳೇ ಕ್ಯಾಸೆಟ್ ಸಿನಿಮಾವನ್ನ ಎಐನಲ್ಲಿ ಹಾಕಿ 4ಕೆ ಮಾಡಿದೆ. ಸೂಪರ್ ಆಗಿ ಬಂದಿದೆ. ಬ್ಲೂ-ರೇಗೂ ಕಾಯೋದು ಬೇಡ!

ಅಂಚುಗಾರ:
ಹಿನ್ನೆಲೆಯಲ್ಲಿರೋ ಬೋರ್ಡು, ಪತ್ರ, ಪುಸ್ತಕದ ಬೆನ್ನು ಇವನ್ನ ನಿಲ್ಲಿಸಿ ನೋಡಿ. ಅಕ್ಷರದ ಹಾಗಿರುತ್ತೆ, ಯಾವ ಭಾಷೆಯದೂ ಅಲ್ಲ. ಹಿಂದಿನ ಸಾಲಲ್ಲಿ ನಿಂತೋರ ಮುಖವೂ ಹಾಗೇ. ಇಲ್ಲದ್ದನ್ನ ಊಹೆ ಮಾಡಿ ತುಂಬಿಸುತ್ತೆ.

ಹೊಸಗಣ್ಣು:
ನೋಡೋಕೆ ಚೆನ್ನಾಗಿದ್ರೆ ಸಾಕಲ್ವಾ? ಮ್ಯೂಸಿಯಂ ಮಾಡ್ತಿದ್ದೀವಾ?

ಅಂಚುಗಾರ:
ನೋಡಿ, ಬೇಡ ಅಂದೋರು ಯಾರು? ಮೂಲ ಫೈಲು ಪಕ್ಕದಲ್ಲೇ ಇರಲಿ ಅನ್ನೋದಷ್ಟೇ. ಹತ್ತು ವರ್ಷ ಬಿಟ್ಟು ನಿಮ್ಮ 4ಕೆ ಮುಖಗಳು ಮೇಣದ ಬೊಂಬೆ ಅನ್ನಿಸಿದಾಗ ಮತ್ತೆ ಮಾಡೋಕೆ ಬೇಕಾಗುತ್ತೆ. ಕೆಲವು ಬ್ಲೂ-ರೇಗಳಲ್ಲೂ ಇದೇ ರೋಗ ಇದೆ. ಫಿಲ್ಮಿನ ಕಣ ಕಾಣಬಾರದು ಅಂತ ಉಜ್ಜಿ ಉಜ್ಜಿ ಚರ್ಮದ ಗೆರೆಯನ್ನೂ ಅಳಿಸಿಬಿಟ್ಟಿರ್ತಾರೆ.

ನಾಕನೇತೆರೆ:
ಟಿವಿಯಿಂದ ರೆಕಾರ್ಡ್ ಮಾಡಿದ ಕ್ಯಾಸೆಟ್ ಇಳಿಸೋರು ಜಾಹೀರಾತು ಕತ್ತರಿಸಬೇಡಿ! ಸಿನಿಮಾ ಎಲ್ಲಾದ್ರೂ ಸಿಗುತ್ತೆ. ನಡುವೆ ಬಂದ ಸೋಪಿನ ಜಾಹೀರಾತು, 'ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ' ಫಲಕ, ಮುಂದಿನ ವಾರದ ಸಿನಿಮಾ ಹೇಳೋ ಉದ್ಘೋಷಕಿ ಎಲ್ಲಿ ಸಿಗ್ತಾರೆ? ನಮ್ಮ ಒಂದು ಕ್ಯಾಸೆಟ್ಟಿನಲ್ಲಿ 'ಶುಭಂ' ಬಂದ ಕೂಡ್ಲೇ ಚಿತ್ರ ಹಾರಿ, ಅದಕ್ಕೂ ಮುಂಚೆ ರೆಕಾರ್ಡ್ ಆಗಿದ್ದ ವಾರ್ತೆಯ ಬಾಲ ಸಿಗುತ್ತೆ. ಓದ್ತಿರೋರು ವಾಕ್ಯದ ಮಧ್ಯದಿಂದ ಶುರುಮಾಡ್ತಾರೆ. ಮಳೆ ಬರುತ್ತೆ ಅಂತಾರೆ, ಎಲ್ಲಿ ಅನ್ನೋದು ಅಳಿಸಿಹೋಗಿದೆ.

ಕಂತು2:
ಕ್ಯಾಸೆಟ್ಟಿನ ಬೆನ್ನಿನ ತುಣುಕು ಮುರಿದಿದ್ರೆ ಮೇಲೆ ರೆಕಾರ್ಡ್ ಆಗಲ್ಲ. ನಮ್ಮಣ್ಣ ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿ ನನ್ನ ಸಿನಿಮಾ ಮೇಲೆ ಕ್ರಿಕೆಟ್ ಹಾಕ್ಕೊಂಡ. ಇವತ್ತಿಗೂ ಕ್ಷಮಿಸಿಲ್ಲ.

ನಿರ್ವಾಹಕ:
ಎರಡು ಮಾತು. ಫೈಲ್ ಹಂಚೋ ಕೊಂಡಿ ಇಲ್ಲಿ ಹಾಕ್ಬೇಡಿ, ಕೇಳಲೂಬೇಡಿ, ಈಗಾಗಲೇ ಬಂದವನ್ನ ತೆಗೆದಿದ್ದೀನಿ. ಕೊಂಡ ಡಿಸ್ಕಿನ ಬೀಗ ತೆಗೆದು ಸ್ವಂತಕ್ಕೆ ಕಾಪಿ ಮಾಡ್ಕೊಳ್ಳೋದರ ಕಾನೂನು ದೇಶದಿಂದ ದೇಶಕ್ಕೆ ಬೇರೆ. ನಿಮ್ಮಲ್ಲಿ ಹೇಗಿದೆ ನೀವೇ ನೋಡ್ಕೊಳ್ಳಿ. ಅಣ್ಣನ ಜೊತೆಗಿನ ಜಗಳಕ್ಕೆ ಬೇರೆ ಎಳೆ ಶುರುಮಾಡಿ.

ಹಳೆರೀಲು:
ಟಿಬಿಸಿ ಇರೋ ಯಂತ್ರ ಒಬ್ಬ ಗೆಳೆಯರ ಹತ್ರ ಸಿಕ್ತು. ಕ್ಯಾಸೆಟ್ ಪೂರ್ತಿ ಇಳೀತು, ಕಾಗದ ಇದೆ! ಡಿವಿಡಿಯನ್ನೂ ಹಾಕಿ ನೋಡಿದೆ, ಬೆಳ್ಳಿತೆರೆ ಹೇಳಿದ ಹಾಗೆ ಅದರಲ್ಲೂ ಚೌಕಟ್ಟು ಪೂರ್ತಿ ಇದೆ. ಆದ್ರೆ ಒಂದು ಹಾಡಿನ ಎರಡನೇ ಚರಣ ಇಲ್ಲ. ಕ್ಯಾಸೆಟ್ಟಿನಲ್ಲೂ ಬ್ಲೂ-ರೇಯಲ್ಲೂ ಇದೆ. ಈಗ ಮೂರನ್ನೂ ಇಟ್ಕೋಬೇಕು.

ಬೆಳ್ಳಿತೆರೆ:
ಚೌಕಟ್ಟಿಗೆ ಡಿವಿಡಿ ಸಾಕು, ಚರಣಕ್ಕೆ ಬ್ಲೂ-ರೇ ಇದೆ. ಕ್ಯಾಸೆಟ್ ಬೇಡ ಅಂತ ಈಗಲೂ ಹೇಳ್ತೀನಿ.

ಅಂಚುಗಾರ:
ಆ ಎರಡನೇ ಚರಣದ ಪೂರ್ತಿ ಚೌಕಟ್ಟು ಎಲ್ಲಿದೆ?

ಬೆಳ್ಳಿತೆರೆ:
...ಕ್ಯಾಸೆಟ್ಟಿನಲ್ಲಿ. ಆಯ್ತು, ಇಟ್ಕೊಳ್ಳಿ.

ಬಿಟ್‌ಭಟ್ಟ:
ಇಳಿಸಿದ ಫೈಲು ಒಂದೇ ಹಾರ್ಡ್ ಡಿಸ್ಕಿನಲ್ಲಿ ಇದ್ರೆ ಕೆಲಸ ಅರ್ಧ ಆಗಿದೆ ಅಂತ. ಛಾಯಾಗ್ರಾಹಕ ಪೀಟರ್ ಕ್ರೋಗ್ ಹೇಳಿಕೊಟ್ಟ 3-2-1 ಲೆಕ್ಕ ಪಾಲಿಸಿ: ಮೂರು ಕಾಪಿ, ಎರಡು ಬಗೆಯ ಮಾಧ್ಯಮ, ಒಂದು ಕಾಪಿ ಬೇರೆ ಮನೆಯಲ್ಲಿ. ಚಿಪ್ಪಿನಲ್ಲಿ ಡೇಟಾ ಇಡೋ ಎಸ್‌ಎಸ್‌ಡಿಯನ್ನ ಕರೆಂಟ್ ಕೊಡದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಇಡೋದು ಬೇಡ, ಅದರೊಳಗಿನ ಚಾರ್ಜ್ ಸೋರುತ್ತೆ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಹ್ಯಾಶ್, ಅಂದ್ರೆ ಫೈಲಿನ ಬೆರಳಚ್ಚಿನಂಥ ಒಂದು ಸಂಖ್ಯೆ, ತೆಗೆದು ಜೊತೆಗಿಡಿ. ವರ್ಷಕ್ಕೊಮ್ಮೆ ಮತ್ತೆ ತೆಗೆದು ಹೋಲಿಸಿ. ಬದಲಾಗಿದ್ರೆ ಆ ಕಾಪಿ ಕೆಟ್ಟಿದೆ, ಚೆನ್ನಾಗಿರೋದರಿಂದ ಮತ್ತೆ ಕಾಪಿ ಮಾಡಿ. ಫೈಲಿನ ಹೆಸರಿನಲ್ಲಿ ಯಾವ ಮೂಲದಿಂದ ಬಂದಿದ್ದು, ಯಾವ ಚೌಕಟ್ಟು, 24ಓ 25ಓ ಬರೀರಿ. 'ಸಿನಿಮಾ_ಹೊಸದು_ಫೈನಲ್2' ಅಂತ ಇಟ್ರೆ ಮುಂದಿನ ತಲೆಮಾರು ನಿಮ್ಮನ್ನ ಶಪಿಸುತ್ತೆ.

ಗದಗದಗ:
ಕ್ಯಾಸೆಟ್ ಹೊರಗ ಬಂತ್ರಿ! ಟೇಪು ಒಂದು ಗೇಣು ಸುಕ್ಕಾಗೇದ, ಮಿಕ್ಕಿದ್ದು ಛಲೋ ಅದ. ಆದರ ಹುಳಿ ವಾಸನಿ ಹೊಡೀತದ. ಇಂಟರ್ನೆಟ್ಟಿನ್ಯಾಗ ನೋಡಿದರ ವಿನೆಗರ್ ರೋಗ ಅಂತ ಬರದಾರ. ನನ್ನ ಕ್ಯಾಸೆಟ್ ಸತ್ತಂಗ?

ಸುರುಳಿ:
ಅದು ಕ್ಯಾಸೆಟ್ಟಿನ ರೋಗ ಅಲ್ಲ. ವಿನೆಗರ್ ವಾಸನೆ ಬರೋದು ಅಸಿಟೇಟ್ ಫಿಲ್ಮಿನಿಂದ, 8 ಎಂಎಂ, 16 ಎಂಎಂ ಸುರುಳಿ ಥರದ್ದು. ವಿಎಚ್‌ಎಸ್ ಟೇಪಿನ ತಳ ಪಾಲಿಯೆಸ್ಟರ್, ಅದಕ್ಕೆ ಆ ರೋಗ ಬರಲ್ಲ. ಅದೇ ಕಪಾಟಿನಲ್ಲಿ ಹಳೇ ಫಿಲ್ಮ್ ಡಬ್ಬಿ ಏನಾದ್ರೂ ಇದೆಯಾ ನೋಡ್ರಿ.

ಗದಗದಗ:
ಅದಾವ್ರಿ, ಅಜ್ಜ ಇಟ್ಟಿದ್ದ ಎರಡು ತಗಡಿನ ಡಬ್ಬಿ. ಮುಚ್ಚಳ ತಗದರ ಕಣ್ಣಾಗ ನೀರು ಬಂತು.

ಸುರುಳಿ:
ಅವೇ. ಇವತ್ತೇ ಬೇರೆ ಕಡೆ ಇಡಿ. ಆ ಆವಿ ಪಕ್ಕದ ಅಸಿಟೇಟ್ ಸುರುಳಿಯನ್ನೂ ಬೇಗ ಕೆಡಿಸುತ್ತೆ. ತಂಪಾದ, ಒಣ ಜಾಗ ಇರಲಿ, ಆವಿ ಹೊರಗೆ ಹೋಗೋ ಹಾಗಿರಲಿ. ಪ್ರೊಜೆಕ್ಟರಿಗೆ ಹಾಕಿ ನೋಡೋ ಆಸೆ ಬೇಡ. ಫಿಲ್ಮು ಕುಗ್ಗಿರುತ್ತೆ, ಹಲ್ಲಿಗೆ ತೂತು ಕೂರದೆ ಹರಿದುಹೋಗುತ್ತೆ. ಕುಗ್ಗಿದ ಫಿಲ್ಮನ್ನೂ ಹರಿಯದೆ ಸ್ಕ್ಯಾನ್ ಮಾಡೋ, ಹಲ್ಲಿಲ್ಲದ ಸ್ಕ್ಯಾನರ್ ಇರೋರ ಹತ್ರ ಕೊಡಿ. ಡಬ್ಬಿ ಮೇಲೆ ಏನು ಬರೆದಿದೆ?

ಗದಗದಗ:
ತುಕ್ಕು ತಿಂದದ. 'ಭಾಗ 2' ಅನ್ನೂದು ಒಂದs ಕಾಣಸ್ತದ. ಎರಡರ ಮ್ಯಾಲೂ.